ಮುಟ್ಟಬೇಡ

ಮೂವತ್ತೇಳನೇ ವಯಸ್ಸಿಗೆ ಮೂಗು ಚುಚ್ಚಿಸಿಕೊಂಡೆ,
ಚೀಟಿ ಎತ್ತಿದ ದುಡ್ಡಲ್ಲಿ.
ಶಿಡ್ಲಘಟ್ಟದ ಪೇಟೆಯ ನಂಜುಂಡಾಚಾರಿ
ಕನ್ನಡಕ ಹಣೆಗೇರಿಸಿ
ಉಸಿರು ಬಿಗಿ ಹಿಡೀಬೇಡಮ್ಮ ಅಂದರು.
ನಾನು ಹಿಡಿದೇ ಇದ್ದೆ.
ಸಾಸಿವೆ ಸಿಡಿದ ಸದ್ದು, ಅಷ್ಟೇ.
ಎಡಗಣ್ಣು ಮಾತ್ರ ಅತ್ತಿತು,
ಬಲಗಣ್ಣಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಮಾರನೇ ದಿನ ಬೇಸಿನ್ನಿನ ಮುಂದೆ ಕೂತರೆ
ಹಬೆ ನೇರ ಮೂಗಿಗೇ ಬಂತು.
ಹದಿನೆಂಟು ವರ್ಷದಿಂದ ಬೆಂದ ಹುಳದ ಈ ವಾಸನೆಯಲ್ಲಿದ್ದೇನೆ,
ಬಸ್ಸಲ್ಲಿ ಪಕ್ಕದವರು ಸೆರಗು ಅಡ್ಡ ಹಿಡಿದಾಗಷ್ಟೇ
ಅದು ನೆನಪಾಗುವುದು.
ಈಗ ಮೂಗು ಹೊಸದು, ವಾಸನೆಯೂ ಹೊಸದು.
ಗೂಡುಗಳು ನೀರಲ್ಲಿ ಉರುಳುತ್ತವೆ,
ಬೆರಳು ಎಳೆಯ ತುದಿ ಹುಡುಕುತ್ತದೆ,
ಮೂಗು ತುರಿಸುತ್ತದೆ.

ಹಾತ್ ನಕ್ಕೊ ಲಗಾ, ಅಂದಳು ಪಕ್ಕದ ಬೇಸಿನ್ನಿನ ಮುಬೀನಾ.
ಮನೆಗೆ ಬಂದರೆ ಅತ್ತೆ ತೆಲುಗಲ್ಲಿ: ಮುಟ್ಟೊದ್ದೇ!
ಮಗಳು ಮೊಬೈಲಿಂದ ಕಣ್ಣೆತ್ತದೆ: ಡೋಂಟ್ ಟಚ್ ಅಮ್ಮ.
ಅರಿಶಿನ ಮೆತ್ತು ಅಂತ ಒಬ್ಬರು,
ಕೊಬ್ಬರಿ ಎಣ್ಣೆ ಬಿಡು ಅಂತ ಇನ್ನೊಬ್ಬರು,
ದಿನಾ ಎರಡು ಸುತ್ತು ತಿರುಗಿಸು, ಇಲ್ಲದಿದ್ದರೆ
ಮಾಂಸಕ್ಕೆ ಅಂಟಿಕೊಳ್ಳುತ್ತೆ ಅಂತ
ನಲ್ಲಿ ಹತ್ತಿರ ಸಿಕ್ಕವಳೊಬ್ಬಳು.

ನರ್ಸ್ ಜಯಶೀಲಮ್ಮ ಎಲ್ಲ ಕೇಳಿ ಎಲ್ಲಾನೂ ತಳ್ಳಿಹಾಕಿದರು.
ಕುದಿಸಿ ಆರಿದ ನೀರು, ಒಂದು ಚಿಟಿಕೆ ಉಪ್ಪು,
ಒಳ್ಳೆ ಹತ್ತಿ, ಕೈ ತೊಳೆದು, ದಿನಕ್ಕೆರಡು ಸಲ.
ಹಕ್ಕಳೆ ಕೀಳಬೇಡ, ನೆನೆದು ತಾನೇ ಬರುತ್ತೆ.
ಮುಟ್ಟಬೇಡ.
ನನಗೆ ನಗು ಬಂತು.
ಗೂಡೂ ಹಾಗೇ ಅಲ್ಲವಾ ಮೇಡಂ,
ಸರಿಯಾಗಿ ನೆನೆಯದೆ ಎಳೆದರೆ ಎಳೆ ಹರೀತದೆ.
ಇದು ನನಗೆ ಬರೋ ವಿದ್ಯೆ, ಅಂದೆ.
ಹಾಗಾದರೆ ಮಾಡು, ಅಂದರು.

ಬಂದರೂ ಕಷ್ಟ.
ಎಡಗಡೆ ಮಲಗೋ ರೂಢಿ ಬಲಕ್ಕೆ ತಿರುಗಲಿಲ್ಲ.
ಆರನೇ ರಾತ್ರಿ ದುಪ್ಪಟಿಯ ದಾರ ಮೂಗುತಿಗೆ ಸಿಕ್ಕಿ
ಕಿರುಚಿಕೊಂಡು ಎದ್ದೆ.
ಹದಿನೆಂಟು ವರ್ಷ ಎಳೆ ಹಿಡಿಯುತ್ತಾ ಬಂದವಳನ್ನು
ಅವತ್ತು ಒಂದು ಎಳೆ ಹಿಡಿಯಿತು.
ಒಂಬತ್ತನೇ ದಿನ ಹಳದಿ ನೀರು.
ಕೀವು ಅಂದುಕೊಂಡು ಹೆದರಿ ಮತ್ತೆ ಜಯಶೀಲಮ್ಮನ ಹತ್ತಿರ.
ಟಾರ್ಚು ಹಾಕಿ ನೋಡಿದರು:
ಮೈ ತನ್ನ ಕೆಲಸ ಮಾಡ್ತಾ ಇದೆ,
ನೀನು ನಿನ್ನ ಕೈ ಕಟ್ಟಿಕೊಂಡಿರು.

ಮುಟ್ಟಬೇಡ.
ಈ ಮಾತು ನನಗೆ ಹಳೇ ಪರಿಚಯ.
ಸೇದೋ ಬಾವಿಯ ಹಗ್ಗದ ಹತ್ತಿರ,
ಸ್ಕೂಲಿನ ನೀರಿನ ಡ್ರಮ್ಮಿನ ಹತ್ತಿರ,
ಟೀ ಅಂಗಡಿಯ ಗೂಟಕ್ಕೆ ಬೇರೆಯಾಗಿ ನೇತುಬಿದ್ದ ಲೋಟ ಬಿಟ್ಟು
ಉಳಿದ ಲೋಟಗಳ ಹತ್ತಿರ.
ನನ್ನವ್ವ ಪಿಳ್ಳಮ್ಮನಿಗೆ ಅದನ್ನು ಬಾಯಿಬಿಟ್ಟು ಹೇಳಿದ್ದರು.
ನನ್ನ ಕಾಲಕ್ಕೆ ಹುಬ್ಬು ಸಾಕಾಗಿತ್ತು.
ಆ ಹುಬ್ಬಿಗೆ ಕೈ ಹಿಂದಕ್ಕೆ ಬಂದ ವೇಗದಲ್ಲಿ
ಕುದಿಯೋ ನೀರಿಂದಲೂ ಎಂದೂ ಬಂದಿಲ್ಲ.

ಈಗ ನಾಲ್ಕು ಭಾಷೆಯಲ್ಲಿ ನಾಲ್ಕು ಜನ
ನನ್ನ ಹಿಂದೆ ಬಿದ್ದು ಅದನ್ನೇ ಹೇಳುತ್ತಾರೆ.
ಮೊದಮೊದಲು ಕೈ ಬೆಚ್ಚುತ್ತಿತ್ತು.
ಆಮೇಲೆ, ಯಾವಾಗ ಅಂತ ಗೊತ್ತಿಲ್ಲ,
ಮಡಿಲಲ್ಲಿ ಸುಮ್ಮನೆ ಕೂರುವುದು ಕಲಿಯಿತು.

ಇವತ್ತು ಐವತ್ತೊಂದನೇ ದಿನ.
ಎರಡು ತಿಂಗಳು ಅಂದಿದ್ದರು ಆಚಾರಿ,
ನಾಲ್ಕಾದರೂ ಬೇಕು ಅಂತಾರೆ ನರ್ಸ್.
ಮೇಲೆ ಒಣಗಿದರೆ ಒಳಗೆ ಒಣಗಿದ ಹಾಗಲ್ಲವಂತೆ.
ಆಗಲಿ.

ಉಪ್ಪುನೀರಿಗೆಂದೇ ಅಡುಗೆಮನೆಯ ಗೂಡಲ್ಲಿ
ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೇನೆ,
ಯಾರೂ ಮುಟ್ಟಕೂಡದು ಅಂತ ಹೇಳಿ.
ನಿನ್ನೆ ಲೋಡು ಇಳಿಸಿ ಬಂದ ಗಂಡ
ಕತ್ತಲಲ್ಲಿ ಅದನ್ನೇ ಎತ್ತಿ ಗಟಗಟ ಕುಡಿದು
ಥೂ ಅಂತ ಬಾಗಿಲಾಚೆ ಉಗಿದ.
ಅತ್ತೆ ನಕ್ಕಳು, ಮಗಳು ನಕ್ಕಳು,
ನಾನು ಗೋಡೆ ಹಿಡಿದುಕೊಂಡು ನಕ್ಕೆ.

ದೀಪ ಆರಿಸಿ ಮಲಗಿದ ಮೇಲೆ ಗೊತ್ತಾಯಿತು,
ನಗುವಾಗ ನೋಯಲಿಲ್ಲ.
ಮಲಗಿದ್ದದ್ದೂ ಎಡಕ್ಕೇ.